ವಾರಾಂತ್ಯದ ಬಾಡಿಗೆ, ವಾರದ ಊಟ

ಪ್ರಶ್ನೆ: ತಂದೆಯವರ ಕಾಲದಿಂದಲೂ ಮಡಿಕೇರಿಯ ಬಾಡಿಗೆ ಮಳಿಗೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದೇವೆ. ದಿನಕ್ಕೆ ಸುಮಾರು 9,000 ರೂಪಾಯಿ ವ್ಯಾಪಾರ, ತಿಂಗಳಿಗೆ 22,000 ಬಾಡಿಗೆ. ಪಕ್ಕದಲ್ಲಿ ಬೆಂಗಳೂರಿನವರ ಕೆಫೆ ಬಂದ ಮೇಲೆ ಮಾಲೀಕರು 45,000 ಕೇಳುತ್ತಿದ್ದಾರೆ. ಹನ್ನೊಂದು ತಿಂಗಳ ಕರಾರು ಸದ್ಯದಲ್ಲೇ ಮುಗಿಯುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲಿ ಮೆಸ್ ಇಟ್ಟಿದ್ದ ನಮ್ಮ ಭಾವನವರೂ ಬಾಡಿಗೆ ತಾಳಲಾರದೆ ಮುಚ್ಚಿದರು. ನಮ್ಮ ಗತಿಯೂ ಅಷ್ಟೆಯೇ? ನಾವೂ ಕೆಫೆ ಮಾಡಿಕೊಳ್ಳಬೇಕೇ?

ಉತ್ತರ: ನಿಮ್ಮ ಭಾವನವರ ಮೆಸ್ಸಿಗೆ ಆದದ್ದು ಬಾಡಿಗೆ ಏರಿಕೆಯೊಂದೇ ಆಗಿರಲಾರದು. ಇಂದಿರಾನಗರ ಮೊದಲಿಗೆ ವಾಸದ ಬಡಾವಣೆ. ನೂರಡಿ ರಸ್ತೆ ಮತ್ತು ಹನ್ನೆರಡನೇ ಮುಖ್ಯರಸ್ತೆಯ ಮನೆಗಳು ಒಂದೊಂದಾಗಿ ಅಂಗಡಿ, ಪಬ್, ಕಚೇರಿಗಳಾದವು. 2011ರಲ್ಲಿ ಮೆಟ್ರೊ ಬಂದ ಮೇಲೆ ಅಲ್ಲಿಗೆ ತಲುಪುವುದು ಇನ್ನಷ್ಟು ಸುಲಭವಾಯಿತು. ಇಂಥ ಕಡೆ ಮೊದಲ ಕೆಲವು ವರ್ಷ ಹಳೆಯ ಹೋಟೆಲಿಗೂ ಲಾಭವೇ ಆಗುತ್ತದೆ, ಏಕೆಂದರೆ ಹೊಸಬರಿಗೂ ಕಡಿಮೆ ದರದ ಬಿಸಿಯೂಟ ಬೇಕು. ಆಮೇಲೆ ನಿತ್ಯ ಊಟಕ್ಕೆ ಬರುತ್ತಿದ್ದವರು ಮನೆ ಬಾಡಿಗೆ ಕಟ್ಟಲಾಗದೆ ದೂರ ಹೋಗುತ್ತಾರೆ, ಮಳಿಗೆಯ ಬಾಡಿಗೆ ಮಾತ್ರ ಹೊಸಬರ ಜೇಬಿಗೆ ತಕ್ಕಂತೆ ನಿಗದಿಯಾಗುತ್ತದೆ. ಹೂಡಿಕೆದಾರರ ಹಣದಲ್ಲಿ ಎರಡು ವರ್ಷ ನಷ್ಟ ತಿಂದು ನಿಲ್ಲಬಲ್ಲ ರೆಸ್ಟೋರೆಂಟ್ ಕೊಡುವ ಬಾಡಿಗೆಯನ್ನು, ಅಂದಂದಿನ ಗಲ್ಲಾಪೆಟ್ಟಿಗೆಯನ್ನೇ ನಂಬಿದ ಕುಟುಂಬ ಕೊಡಲಾರದು. ಹೆಸರಿದ್ದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ಕಾರ್ಮಿಕರ ಸಹಕಾರ ಸಂಘ ನಡೆಸುವ ಇಂಡಿಯಾ ಕಾಫಿ ಹೌಸ್, ದಶಕಗಳ ಕಾಲ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದು, ಕಟ್ಟಡ ಬಿಡಬೇಕಾಗಿ ಬಂದು 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಸರಿಯಿತು.

ಕೆಫೆಗೂ ಬಾಡಿಗೆಗೂ ಇರುವ ನಂಟು ನಿಮ್ಮ ಕಲ್ಪನೆಯಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಬಡಾವಣೆಗಳಲ್ಲಿ ಕಾಫಿ ಅಂಗಡಿಗಳು ಹೆಚ್ಚುವುದಕ್ಕೂ ಮನೆ ಬೆಲೆ ಏರುವುದಕ್ಕೂ ಸಂಬಂಧ ಕಂಡಿತ್ತು. ಒಂದರಿಂದಲೇ ಇನ್ನೊಂದು ಆಯಿತೆಂದು ಇದರರ್ಥವಲ್ಲ. (ಕಾಫಿ ಬೆಳೆಯುವ ಊರಿನಲ್ಲೇ ಕಾಫಿ ಅಂಗಡಿ ಕಂಡು ಹೆದರಬೇಕಾದ ಕಾಲ ಬಂದಿರುವುದು ವಿಚಿತ್ರವೇ ಸರಿ.)

ಆದರೆ ಮಡಿಕೇರಿ ಇಂದಿರಾನಗರವಲ್ಲ. ಅಲ್ಲಿ ಹೊಸ ಗಿರಾಕಿ ಪಕ್ಕದ ಬೀದಿಯಲ್ಲೇ ವಾಸಿಸುತ್ತಾನೆ. ಇಲ್ಲಿ ಅವನು ಶುಕ್ರವಾರ ರಾತ್ರಿ ಹೊರಟು ಬಂದು ಹೋಂಸ್ಟೇಯಲ್ಲಿ ಉಳಿದು ಭಾನುವಾರ ಮರಳುತ್ತಾನೆ. ನಿಮ್ಮ ಮಾಲೀಕರು ಬಾಡಿಗೆ ಕೇಳುತ್ತಿರುವುದು ಈ ಎರಡು ದಿನಗಳನ್ನು ನೋಡಿ. ನೀವು ಊಟದ ದರ ಇಡಬೇಕಾಗಿರುವುದು ಉಳಿದ ಐದು ದಿನ ಬರುವ ಬಸ್ ಸಿಬ್ಬಂದಿ, ಕಚೇರಿ ನೌಕರರು, ಸಂತೆಗೆ ಬರುವ ತೋಟದ ಕಾರ್ಮಿಕರನ್ನು ನೋಡಿ. ಹೋಟೆಲ್ ವ್ಯವಹಾರದಲ್ಲಿ ಬಾಡಿಗೆಯು ಮಾರಾಟದ ಶೇ 10ರ ಆಸುಪಾಸಿನಲ್ಲಿರಬೇಕೆಂಬುದು ರೂಢಿಯ ಲೆಕ್ಕ. ತಿಂಗಳಿಗೆ 26 ದಿನ ವ್ಯಾಪಾರವೆಂದರೆ ನಿಮ್ಮ ಮಾರಾಟ 2,34,000 ರೂಪಾಯಿ. ಈಗಿನ ಬಾಡಿಗೆ ಅದರಲ್ಲಿ ಶೇ 9.4 ಆಗುತ್ತದೆ, ಕೇಳುತ್ತಿರುವುದು ಶೇ 19 ದಾಟುತ್ತದೆ. ದಿನಸಿ, ಗ್ಯಾಸ್, ಸಂಬಳ ಕಳೆದ ಮೇಲೆ ಅಷ್ಟನ್ನು ಹೊರುವ ಊಟದ ಹೋಟೆಲನ್ನು ನಾನು ಕಂಡಿಲ್ಲ.

ಈ ಲೆಕ್ಕವನ್ನು ಮಾಲೀಕರ ಮುಂದೆಯೇ ಇಡಿ. ಜೊತೆಗೆ 2018ರ ಆಗಸ್ಟ್ ನೆನಪಿಸಿ. ಗುಡ್ಡಗಳು ಕುಸಿದು ಪ್ರವಾಸಿಗರು ಬರುವುದು ನಿಂತಾಗ, ಮತ್ತೆ 2020ರ ಲಾಕ್‌ಡೌನಿನಲ್ಲಿ, ವಾರಾಂತ್ಯವನ್ನೇ ನಂಬಿದ ವ್ಯಾಪಾರಕ್ಕೆ ಆಧಾರವೇ ಉಳಿಯಲಿಲ್ಲ. ಪ್ರತಿ ಮಳೆಗಾಲವೂ ಅದರ ಸಣ್ಣ ಮರುಕಳಿಕೆಯೇ. ಹೆಚ್ಚು ಬಾಡಿಗೆಗೆ ಬಂದವರು ಒಂದೇ ವರ್ಷಕ್ಕೆ ಬೀಗ ಹಾಕಿದರೆ, ಮಳಿಗೆ ಖಾಲಿ ಬಿದ್ದ ತಿಂಗಳುಗಳ ನಷ್ಟ ಮಾಲೀಕರದೇ. 45,000ಕ್ಕೆ ಒಪ್ಪುವ ಬದಲು 26,000–27,000ದಿಂದ ಆರಂಭಿಸಿ, ವರ್ಷಕ್ಕೆ ಶೇ 5ರಷ್ಟು ಏರಿಕೆಯೊಡನೆ ಐದು ವರ್ಷದ ಕರಾರು ಕೇಳುವುದು ನ್ಯಾಯವಾಗಿದೆ. ಅದೂ ನಿಮಗೆ ಬಿಗಿಯೇ, ಆದರೆ ಊಟದ ದರವನ್ನು ಅಲ್ಪಸ್ವಲ್ಪ ಏರಿಸಿ ನಿಭಾಯಿಸಬಹುದು.

ಮೊತ್ತಕ್ಕಿಂತ ಅವಧಿ ಮುಖ್ಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗೆ ಅನ್ವಯಿಸುವುದಿಲ್ಲವಾದ್ದರಿಂದ, ಅದರ ಆಸರೆ ನಿಮಗೆ ದೊರೆಯುವ ಸಂಭವ ಕಡಿಮೆ. ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಸುಮ್ಮನಿದ್ದರೆ ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯೆನಿಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನಗಳ ನೋಟಿಸಿನಲ್ಲಿ ಅದನ್ನು ಕೊನೆಗೊಳಿಸಬಹುದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಮುದ್ರಾಂಕದ ಖರ್ಚಿಗೆ ಹಿಂಜರಿದು ಬರೀ ಛಾಪಾ ಕಾಗದದಲ್ಲಿ ಐದು ವರ್ಷವೆಂದು ಬರೆದುಕೊಂಡರೆ ಆ ಅವಧಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನೋಂದಾಯಿತ ಗುತ್ತಿಗೆಯಿದ್ದರೆ ನಡುವೆ ಕಟ್ಟಡ ಮಾರಾಟವಾದರೂ ಕೊಂಡವರು ಅದಕ್ಕೆ ಬದ್ಧರು.

ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಿಂದ ಹಳೆಯ ವ್ಯಾಪಾರಗಳ ಪಟ್ಟಿ ಮಾಡಿ, ಅವುಗಳಿಗೆ ಹತ್ತು ವರ್ಷದ ಗುತ್ತಿಗೆ ಕೊಡುವ ಕಟ್ಟಡ ಮಾಲೀಕರಿಗೆ ಸಹಾಯಧನ ನೀಡುವ ಕ್ರಮ ತಂದಿತು. ನಮ್ಮ ನಗರಸಭೆಗಳೂ ಯೋಚಿಸಬಹುದಾದ ಮಾತು, ಆದರೆ ನಿಮ್ಮ ಕರಾರು ಅಲ್ಲಿಯವರೆಗೆ ಕಾಯುವುದಿಲ್ಲ.

ಕೆಫೆಯಾಗಬೇಡಿ. ಒಳಾಂಗಣ, ಯಂತ್ರಗಳಿಗೆ ಸಾಲ ಮಾಡಿ ಪಕ್ಕದವರೊಡನೆ ಸ್ಪರ್ಧಿಸಿದರೆ ನಿತ್ಯದ ಗಿರಾಕಿಯೂ ಹೋಗುತ್ತಾನೆ. ಊಟದ ದರವನ್ನು ಕೈಗೆಟಕುವಂತೆ ಉಳಿಸಿಕೊಂಡು, ಶನಿವಾರ, ಭಾನುವಾರ ಮಾತ್ರ ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಇಂಥ ಕೊಡಗಿನ ತಿನಿಸುಗಳನ್ನು ಪ್ರತ್ಯೇಕ ದರದಲ್ಲಿ ಕೊಡಿ. ನಿಮ್ಮದು ಸಸ್ಯಾಹಾರಿ ಹೋಟೆಲಾದರೆ ಅಕ್ಕಿರೊಟ್ಟಿಯೂ ಸಾಕು. ಕರಾರಿನ ಮಾತು ಮುಗಿಯುವವರೆಗೆ ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ಸಹಿ ಹಾಕುವ ಮೊದಲು ಕರಡನ್ನು ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ.