ಕಲಾ ಸಂಗ್ರಹಾಲಯದ ವಿಸ್ತರಣೆಗೆ ವಿನ್ಯಾಸ ಸ್ಪರ್ಧೆ: ದಾವಣಗೆರೆಯ ಸಣ್ಣ ಕಚೇರಿ ಕೈಹಾಕಬಹುದೇ?

ಕಲಾ ಸಂಗ್ರಹಾಲಯದ ಸ್ಪರ್ಧೆಗೆ ಇಳಿಯಬಹುದೇ ಎಂದು ಕೇಳಿದ್ದೀರಿ. ಇಬ್ಬರೇ ಇರುವ ವಾಸ್ತುಶಿಲ್ಪಿಗಳ ಕಚೇರಿ, ಎದುರಿಗೆ ಬೆಂಗಳೂರಿನ ದೊಡ್ಡವರು, ಥ್ರೀಡಿ ಚಿತ್ರಗಳಿಗೆ ಸಾಲ ಮಾಡಬೇಕೇ ಎಂಬ ಚಿಂತೆ. ನಿಮ್ಮ ಪ್ರಶ್ನೆಯಲ್ಲಿ ಊರೂ ಸೇರಿ ಎಲ್ಲವೂ ನನ್ನದೇ. ಸಾಲದ ಮಾತು ಆಮೇಲೆ.

ನಾನು ಕೈಹಾಕಿದ್ದು ನಮ್ಮ ಭಾಗದ್ದೇ ಒಂದು ಖಾಸಗಿ ಚಿತ್ರಶಾಲೆಯ ಸ್ಪರ್ಧೆಗೆ, ಹೆಸರು ಬೇಡ. ಹಳೆಯ ಕಟ್ಟಡದ ಹಿಂದೆ ಹೊಸ ಪ್ರದರ್ಶನಾಂಗಣ ಬೇಕಿತ್ತು. ಸಂಗ್ರಹದಲ್ಲಿ ಬಹುಪಾಲು ಕಾಗದದ ಮೇಲಿನ ಜಲವರ್ಣಗಳು. ಮೊದಲ ಸುತ್ತಿನಲ್ಲಿ ಹಾಳೆಯ ಮೇಲೆ ನೋಂದಣಿ ಸಂಖ್ಯೆ ಮಾತ್ರ. ದೊಡ್ಡ ಕಚೇರಿಯೋ ಸಣ್ಣದೋ ಯಾರಿಗೂ ತಿಳಿಯದು. ಆ ಸುತ್ತನ್ನು ನಾನು ದಾಟಿದೆ.

ದಾಟಿಸಿದ್ದು ಒಂದೇ ಕಲ್ಪನೆ. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಆ ಮಿಲ್ಲಿನ ಚಾವಣಿ ಗರಗಸದ ಹಲ್ಲಿನಂತೆ ಸಾಲಾಗಿ ಏರಿಳಿಯುತ್ತಿತ್ತು. ಪ್ರತಿ ಹಲ್ಲಿನ ನೆಟ್ಟಗಿನ ಬದಿಗೆ ಉತ್ತರಕ್ಕೆ ಮುಖ ಮಾಡಿದ ಗಾಜು. ಅದನ್ನೇ ಚಿತ್ರಶಾಲೆಯ ತಲೆಗೆ ಕೂರಿಸಿದೆ. ಮಿಲ್ಲುಗಳ ಊರಿನ ನೆನಪೂ ಆಯಿತು, ವರ್ಣಚಿತ್ರಕಾರರು ಬಯಸುವ ತಂಪು ಬೆಳಕೂ ಆಯಿತು ಎಂದುಕೊಂಡು ಬೀಗಿದೆ.

ಎರಡನೆಯ ಸುತ್ತಿನಲ್ಲಿ ತೀರ್ಪುಗಾರರ ಪೈಕಿ ಕಲಾಕೃತಿ ಸಂರಕ್ಷಣೆಯ ಒಬ್ಬ ಮೇಡಂ ಇದ್ದರು. ನನ್ನ ಚಿತ್ರಗಳ ಕಡೆ ನೋಡಲೇ ಇಲ್ಲ. ಕಟ್ಟಡವನ್ನು ನೆಟ್ಟಗೆ ಸೀಳಿದಂತೆ ತೋರಿಸುವ ಸೆಕ್ಷನ್ ನಕ್ಷೆಯ ಮೇಲೆ ಪೆನ್ನಿಟ್ಟು, ‘ಕಾರಹುಣ್ಣಿಮೆಯ ಹೊತ್ತಿಗೆ ಬೆಳಿಗ್ಗೆ ಎಂಟು ಗಂಟೆಗೆ ಈ ಪಶ್ಚಿಮದ ಗೋಡೆಯ ಮೇಲೆ ಏನು ಬೀಳುತ್ತದೆ?’ ಎಂದು ಕೇಳಿದರು. ‘ಉತ್ತರದ ಬೆಳಕು ಮೇಡಂ, ನೆರಳಿನಂತಹದು’ ಎಂದೆ. ಅವರು ಬರೆದುಕೊಂಡರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಬೀಳುವುದು ನೇರ ಬಿಸಿಲು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾಲೇಜಿನಲ್ಲಿ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಉತ್ತರದ ಗಾಜಿಗೆ ಬಿಸಿಲು ತಾಗುವುದಿಲ್ಲ ಎಂಬುದು ಯುರೋಪಿನ ಮಾತು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಎಷ್ಟೋ ಕೆಳಗೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಮರಳುವುದು ಆಗಸ್ಟ್ ಮಧ್ಯಕ್ಕೆ. ಬೆಳಗು ಸಂಜೆಯದು ಇನ್ನೂ ಕಷ್ಟ: ಯುಗಾದಿಯ ಆಸುಪಾಸಿನಿಂದಲೇ ಅವನು ನೇರ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆ ಓರೆ ಬಿಸಿಲು ನನ್ನ ಗಾಜಿನೊಳಗೆ ತೂರಿ ಬೆಳಿಗ್ಗೆ ಪಶ್ಚಿಮದ ಗೋಡೆಗೆ, ಸಂಜೆ ಪೂರ್ವದ ಗೋಡೆಗೆ ಬಡಿಯುತ್ತಿತ್ತು. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಜಲವರ್ಣಕ್ಕೆ 50 ಲಕ್ಸ್ ಬೆಳಕು ಸಾಕು ಎನ್ನುತ್ತಾರೆ ಸಂರಕ್ಷಕರು, ತೈಲವರ್ಣಕ್ಕೆ 200. ಸುಡುಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಆ ಚಿತ್ರಗಳನ್ನು ನಾನು ಅಂಗಳದಲ್ಲಿ ಹಪ್ಪಳದಂತೆ ಒಣಗಲು ಹಾಕಿದ್ದೆ.

ಮದ್ದೇನೂ ದುಬಾರಿಯಲ್ಲ. ಕಾರಹುಣ್ಣಿಮೆಯ ಹೊತ್ತಿನ ಮಧ್ಯಾಹ್ನದ ಬಿಸಿಲಿಗೆ ಗಾಜಿನ ಮೇಲೆ ಒಂದೂವರೆ ಅಡಿಯ ಚಾಚು ಸಾಕು. ಓರೆ ಬಿಸಿಲಿಗೆ ಗಾಜಿನ ಮುಂದೆ ನೆಟ್ಟಗಿನ ಹಲಗೆಗಳು. ಒಳಗೆ ಬೆಳಕನ್ನು ಚದುರಿಸುವ ಒಂದು ಪದರ. ಸೋತು ಬಂದ ಮೇಲೆ ಅಪ್ಪನಿಗೆ ಹೇಳಿದರೆ, ‘ಬೇಸಿಗೆ ಬಂತೆಂದರೆ ಆ ಗಾಜಿಗೆಲ್ಲ ಸುಣ್ಣ ಬಳಿಯುತ್ತಿದ್ದೆವಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ’ ಎಂದರು.

ಇನ್ನು ನಿಮ್ಮ ಪ್ರಶ್ನೆ. ದೊಡ್ಡವರ ಭಯ ಬಿಡಿ, ಅದು ಸುಳ್ಳು ಭಯ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಗುಗೆನ್‌ಹೈಮ್ ಕಲಾ ಸಂಗ್ರಹಾಲಯ ಕಟ್ಟುವ ಸ್ಪರ್ಧೆಗೆ 1,715 ವಿನ್ಯಾಸಗಳು ಬಂದಿದ್ದವು. 2015ರಲ್ಲಿ ಗೆದ್ದದ್ದು ಪ್ಯಾರಿಸ್ಸಿನ ಯುವ ಕಚೇರಿ ಮೊರೊ ಕುಸುನೋಕಿ. ಮರುವರ್ಷ ಹೆಲ್ಸಿಂಕಿಯ ನಗರಸಭೆ ಇಡೀ ಯೋಜನೆಯನ್ನೇ ತಳ್ಳಿಹಾಕಿತು. ಗೆದ್ದರೆ ಕಟ್ಟಡ ಏಳುತ್ತದೆ ಎಂಬ ಲೆಕ್ಕದಲ್ಲಿ ಮನೆ ಕಟ್ಟಿಸುವವರ ಕೆಲಸ ಬಿಟ್ಟೀರಿ, ಜೋಕೆ.

ನಿಯಮ ಮುರಿದವನೇ ಗೆಲ್ಲುತ್ತಾನೆ ಎಂದು ನಿಮ್ಮ ಗೆಳೆಯರು ಹೇಳಿದ್ದಾಗಿ ಬರೆದಿದ್ದೀರಿ. ಅಮೆರಿಕದ ಕನ್ಸಾಸ್ ಸಿಟಿಯ ನೆಲ್ಸನ್-ಅಟ್ಕಿನ್ಸ್ ಕಲಾ ಸಂಗ್ರಹಾಲಯದ ಕಥೆ ಹೇಳಿರಬೇಕು: 1999ರಲ್ಲಿ ಉಳಿದವರೆಲ್ಲ ಹಳೆಯ ಕಟ್ಟಡದ ಉತ್ತರಕ್ಕೆ ಹೊಸದನ್ನು ಅಂಟಿಸಿದರೆ, ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಪೂರ್ವದ ಇಳಿಜಾರಿನಲ್ಲಿ ಐದು ಗಾಜಿನ ಪೆಟ್ಟಿಗೆಗಳನ್ನು ಹರಡಿ ಗೆದ್ದರು, ಕಟ್ಟಡ 2007ರಲ್ಲಿ ತೆರೆಯಿತು. ಮುರಿದದ್ದನ್ನು ಎಲ್ಲರೂ ಹೇಳುತ್ತಾರೆ. ಆ ಪೆಟ್ಟಿಗೆಗಳಿಂದ ಬೆಳಕನ್ನು ಕೆಳಗಿನ ಅಂಗಣಗಳಿಗೆ ಹದ ಮಾಡಿ ಇಳಿಸಲು ಅವರು ಪಟ್ಟ ಪಾಡನ್ನು ಯಾರೂ ಹೇಳುವುದಿಲ್ಲ.

ಥ್ರೀಡಿಗೆ ಸಾಲ? ಒಂದು ರೂಪಾಯಿಯೂ ಬೇಡ. ನನ್ನ ಚಿತ್ರಗಳಲ್ಲಿ ಬೆಳಕು ಬಹಳ ಚೆನ್ನಾಗಿತ್ತು, ಏಕೆಂದರೆ ಸೂರ್ಯನನ್ನು ಇಟ್ಟದ್ದು ನಾನೇ. ಆ ಹಣದಲ್ಲಿ ಜಾಗಕ್ಕೆ ಹೋಗಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕುಳಿತು ಬನ್ನಿ. ಪ್ರಶ್ನೆ ಕಳುಹಿಸುವ ಗಡುವು ಮುಗಿಯುವ ಮೊದಲು ಆಯೋಜಕರಿಗೆ ಬರೆದು ಕೇಳಿ: ಸಂಗ್ರಹದಲ್ಲಿ ಕಾಗದವೆಷ್ಟು, ಕ್ಯಾನ್ವಾಸ್ ಎಷ್ಟು? ಎಲ್ಲಕ್ಕಿಂತ ದೊಡ್ಡ ಕೃತಿಯ ಅಳತೆಯೇನು, ಅದು ಲಾರಿಯಿಂದ ಇಳಿದು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ? ಸೋತವರ ನಕ್ಷೆಗಳ ಹಕ್ಕು ಯಾರದು? ಕೊನೆಯದಕ್ಕೆ ನೇರ ಉತ್ತರ ಬಾರದಿದ್ದರೆ ಪ್ರವೇಶಶುಲ್ಕ ಕಟ್ಟಬೇಡಿ.