ಪ್ರತಿಕ್ರಿಯೆ: ಕರೆಗಳೆಲ್ಲ ಒಬ್ಬರಿಗೇ ಹೋಗುತ್ತಿದ್ದರೆ

ನಮಸ್ಕಾರ. ಬಳ್ಳಾರಿಯ ನಿಮ್ಮ ಜೀನ್ಸ್ ಸಗಟು ಮಳಿಗೆಯಲ್ಲಿ ಮೂವರಿದ್ದರೂ ಕ್ಲೌಡ್ ಫೋನಿನ (ಇಂಟರ್ನೆಟ್ ಮೂಲಕ ನಡೆಯುವ ಫೋನ್ ವ್ಯವಸ್ಥೆಯ) ಕರೆಗಳು ಮೊದಲು ಒಬ್ಬರಿಗೇ ಹೋಗುತ್ತವೆ, ಕಾದವರು ಬೇಸತ್ತು ಫೋನ್ ಇಡುತ್ತಾರೆ ಎಂದು ಬರೆದಿದ್ದೀರಿ. ಬಂದ ಕರೆಗಳನ್ನು ಸಾಲಿನಲ್ಲಿಟ್ಟು ಹಂಚುವ ಕಾಲ್ ಕ್ಯೂನ ರಿಂಗ್ ವಿಧಾನ ‘ಸೀಕ್ವೆನ್ಶಿಯಲ್’ (ಪ್ರತಿ ಸಲವೂ ಪಟ್ಟಿಯ ಮೊದಲನೆಯವರಿಂದ ಶುರುವಾಗಿ ಒಬ್ಬರ ನಂತರ ಒಬ್ಬರಿಗೆ) ಎಂದಿರುವುದೇ ಬಹುಶಃ ಇದಕ್ಕೆ ಕಾರಣ. ಹೆಚ್ಚು ಹೊತ್ತಿನಿಂದ ಬಿಡುವಾಗಿರುವವರಿಗೆ ಮೊದಲು ಕರೆ ಕೊಡುವ ‘ಲಾಂಗೆಸ್ಟ್ ಐಡಲ್’ ವಿಧಾನಕ್ಕೆ ಅದನ್ನು ಬದಲಿಸಿ, ಒಬ್ಬೊಬ್ಬರಲ್ಲಿ ರಿಂಗ್ ಆಗುವ ಅವಧಿಯನ್ನು 15 ಸೆಕೆಂಡಿಗೆ ಇಳಿಸಿ. ಯಾವ ಸೈಜು, ಎಷ್ಟು ಡಜನ್, ಯಾವ ವಾಷ್ ಎಂದು ಆರ್ಡರ್ ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಕರೆ ಬಂದು ಬೀಳದಂತೆ ಅರ್ಧ ನಿಮಿಷದ ‘ರ‍್ಯಾಪ್ ಅಪ್’ ಬಿಡುವನ್ನೂ ಇಡಿ. ಇದನ್ನು ಮರೆಯುವವರೇ ಹೆಚ್ಚು. ಕಾಯುವಿಕೆ 2 ನಿಮಿಷ ದಾಟಿದರೆ ಕರೆಯು ವಾಯ್ಸ್‌ಮೇಲಿಗಿಂತ ಮಾಲೀಕರ ಮೊಬೈಲಿಗೆ ಹೋಗುವುದು ಲೇಸು, ಏಕೆಂದರೆ ನಮ್ಮ ಕಡೆಯ ಗಿರಾಕಿಗಳು ಯಂತ್ರಕ್ಕೆ ಆರ್ಡರ್ ಹೇಳುವವರಲ್ಲ. ಊಟಕ್ಕೆ ಏಳುವವರು ಕ್ಯೂನಿಂದ ಲಾಗೌಟ್ ಆಗಿಯೇ ಏಳಲಿ. ಇಲ್ಲವಾದರೆ ಖಾಲಿ ಕುರ್ಚಿಯ ಮುಂದೆ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ.