ದಿನಾ ಉಡುಪಿ–ಮಂಗಳೂರು, ರಜೆಗೆ ಆಗುಂಬೆ: ಯಾವ ಬೈಕ್?

ದಿನಾ ಉಡುಪಿಯಿಂದ ಮಂಗಳೂರಿಗೆ ಕೆಲಸಕ್ಕೆ, ರಜೆ ಸಿಕ್ಕಿದರೆ ಆಗುಂಬೆಗೆ, ಇದಕ್ಕೆ ಉದ್ದ ರಸ್ತೆಯ ಆರಾಮಕ್ಕೆ ಮಾಡಿದ ಕ್ರೂಸರ್ ಒಳ್ಳೆಯದಾ, ಒಳ್ಳೆಯ ರಸ್ತೆಗೂ ಮಣ್ಣು ರಸ್ತೆಗೂ ಆಗುವ ಅಡ್ವೆಂಚರ್ ಬೈಕಾ ಅಂತ ಕೇಳಿದ್ದೀರಿ. ನಾನಾದರೆ ಅಡ್ವೆಂಚರ್ ಅನ್ನುತ್ತೇನೆ.

ಈ ವಿಂಗಡಣೆಯೆಲ್ಲ ಆಮೇಲೆ ಬಂದದ್ದು. 1885ರಲ್ಲಿ ಜರ್ಮನಿಯಲ್ಲಿ ಡೈಮ್ಲರ್, ಮೇಬ್ಯಾಕ್ ಅನ್ನುವ ಎಂಜಿನಿಯರ್‌ಗಳು ಮಾಡಿದ ಮೊದಲ ಪೆಟ್ರೋಲ್ ಬೈಕ್ ಮರದ ಚೌಕಟ್ಟಿನ ಗಾಡಿ, ಬೀಳದಿರಲಿ ಅಂತ ಪಕ್ಕಕ್ಕೆ ಎರಡು ಪುಟ್ಟ ಚಕ್ರ ಬೇರೆ. ಅವರಿಗೆ ಬೇಕಿದ್ದದ್ದು ಎಂಜಿನ್ ಪರೀಕ್ಷೆ ಅಷ್ಟೇ. ಮುಂದೆ ರಸ್ತೆಗೆ ತಕ್ಕ ಹಾಗೆ ಗಾಡಿಗಳು ಬೇರೆಯಾದವು. ಅಮೆರಿಕದ ಉದ್ದುದ್ದ ರಸ್ತೆಗಳಿಗೆ ಕ್ರೂಸರ್. ಮಣ್ಣು ರಸ್ತೆಗೂ ದೂರದ ಪ್ರಯಾಣಕ್ಕೂ ಒಂದೇ ಗಾಡಿ ಸಾಕು ಅಂತ 1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಬಂತು, ಈಗಿನ ಅಡ್ವೆಂಚರ್ ಬೈಕುಗಳಿಗೆ ದಾರಿ ಹಾಕಿದ್ದು ಅದೇ.

ಕ್ರೂಸರ್‌ನಲ್ಲಿ ಸೀಟು ತಗ್ಗು, ಕಾಲು ಮುಂದೆ. ಹೆದ್ದಾರಿ 66ರಲ್ಲಿ ಆರಾಮ ಹೌದು, ಆದರೆ ಭಾರವೆಲ್ಲ ಸೊಂಟದ ಮೇಲೆ, ಗುಂಡಿ ಬಂದಾಗ ಥಟ್ಟನೆ ಎದ್ದು ನಿಲ್ಲುವುದು ಕಷ್ಟ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಸ್ವಲ್ಪ ಜಾಸ್ತಿ ವಾಲಿಸಿದರೆ ಫುಟ್‌ಪೆಗ್ (ಕಾಲಿಡುವ ಕಡ್ಡಿ) ರಸ್ತೆಗೆ ಉಜ್ಜುತ್ತದೆ. ಅಡ್ವೆಂಚರ್‌ನಲ್ಲಿ ಬೆನ್ನು ನೆಟ್ಟಗೆ, ಹ್ಯಾಂಡಲ್ ಅಗಲ, ಗುಂಡಿಯ ಹೊಡೆತ ತಡೆಯುವ ಸಸ್ಪೆನ್ಷನ್ ಉದ್ದ. ನಮ್ಮ ಮಳೆಗಾಲದ ರಸ್ತೆಗೆ ಇದೇ ಬೇಕು ಅಲ್ವಾ? ತೊಂದರೆ ಅಂದರೆ ಸೀಟಿನ ಎತ್ತರ. ಸುಮ್ನೆ ಫೋಟೋ ನೋಡಿ ಬುಕ್ ಮಾಡಬೇಡಿ, ಶೋರೂಮಿನಲ್ಲಿ ಕೂತು ಕಾಲು ನೆಲಕ್ಕೆ ಸರಿಯಾಗಿ ಊರುತ್ತದಾ ನೋಡಿ.

ಯಾವುದು ತಗೊಂಡರೂ ಕಡಲ ಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ಓಡಿಸಿದ ದಿನ ಒರೆಸಿ, ಲ್ಯೂಬ್ (ಚೈನ್ ಎಣ್ಣೆ) ಹಾಕಿಯೇ ನಿಲ್ಲಿಸಿ.